'ಅಲ್ಲ', 'ಇಲ್ಲ' ಮತ್ತು ಪೋರ್ಚುಗೀಸಿನ ಎರಡು 'ಇರು'ಗಳು
(ವರ್ಣನೆಯ ವ್ಯಾಕರಣದ ಬಗೆಗೆ ಕೆಲವು ಟಿಪ್ಪಣಿಗಳು)

ವಿಜಯನಗರದ ಚರಿತ್ರೆಯನ್ನು ಓದಿದ ಕನ್ನಡ ವಿದ್ಯಾರ್ಥಿಗಳಿಗೆಲ್ಲ ಡೊಮಿಂಗೊ ಪಾಯೆಸ್ ಮತ್ತು ನ್ಯೂನಿಜ್ ಅವರ ಹೆಸರುಗಳು ಪರಿಚಿತ. ಸುಮಾರು 1520ರಲ್ಲಿ ರಾಜಧಾನಿಯನ್ನು ಕಂಡ ಪಾಯೆಸ್ ಕೃಷ್ಣದೇವರಾಯನ ಆಕೃತಿಯನ್ನು ಬಣ್ಣಿಸಿದ್ದಾನೆ. ಮಧ್ಯಮ ಎತ್ತರ, ತೆಳುವೆನ್ನುವುದಕ್ಕಿಂತ ತುಸು ದಪ್ಪವೆನ್ನಬಹುದಾದ ಮೈಕಟ್ಟು, ಮುಖದಲ್ಲಿ ಸಿಡುಬಿನ ಕಲೆ: ನಮ್ಮ ಯಾವ ಕವಿಯೂ ಅರಸನ ಬಗೆಗೆ ಬರೆಯಲಾರದಂಥ ವರ್ಣನೆ ಅದು. ಆದರೆ ನಾವು ಅದನ್ನು ಓದಿರುವುದು ಪೋರ್ಚುಗೀಸಿನಲ್ಲಿ ಅಲ್ಲ. ದಾವಿದ್ ಲೋಪೆಸ್ ಅವರು ಮೂಲಪಾಠವನ್ನು 1897ರಲ್ಲಿ ಲಿಸ್ಬನ್ನಿನಲ್ಲಿ ಪ್ರಕಟಿಸಿದರು. ರಾಬರ್ಟ್ ಸೆವೆಲ್ ಅವರ 'ಎ ಫರ್ಗಾಟನ್ ಎಂಪೈರ್' 1900ರಲ್ಲಿ ಬಂದಿತು. ಅಂದಿನಿಂದ ಕನ್ನಡದ ಬಹುಪಾಲು ಬರಹ ಸೆವೆಲ್ ಅವರ ಇಂಗ್ಲಿಷನ್ನೇ ಆಧರಿಸಿದೆ.

ಇದರಿಂದ ಏನು ನಷ್ಟ ಎಂದು ಕೇಳಬಹುದು. ನನ್ನದೇ ಒಂದು ತಪ್ಪನ್ನು ಹೇಳುತ್ತೇನೆ. ಸಂಶೋಧನೆಯ ಆರಂಭದ ದಿನಗಳಲ್ಲಿ ಇಂಗ್ಲಿಷ್ ಅನುವಾದವೊಂದನ್ನು ನಂಬಿ, ಕರಾವಳಿಯ ಒಬ್ಬ ಅಧಿಕಾರಿಯನ್ನು 'ರೋಗಿಷ್ಠ' ಎಂದು ಬಣ್ಣಿಸಿದೆ. ಅವನ ಆಡಳಿತದ ಸಡಿಲಿಕೆಗೆ ಅದೇ ಕಾರಣವೆಂದು ಒಂದು ಪುಟದಷ್ಟು ತರ್ಕವನ್ನೂ ಹೆಣೆದೆ. ಕೆಲವು ವರ್ಷಗಳ ಬಳಿಕ, ಅಕ್ಷರ ಕೂಡಿಸಿ ಓದುವಷ್ಟು ಪೋರ್ಚುಗೀಸನ್ನು ಕಲಿತ ಮೇಲೆ, ಮೂಲವನ್ನು ನೋಡಿದೆ. ಅಲ್ಲಿದ್ದ ಕ್ರಿಯಾಪದ 'ಎಸ್ತಾವಾ'. ಆ ಮನುಷ್ಯ ರೋಗಿಷ್ಠನಲ್ಲ; ಆ ದಿನಗಳಲ್ಲಿ ಅವನಿಗೆ ಕಾಯಿಲೆಯಾಗಿತ್ತು, ಅಷ್ಟೆ. ನನ್ನ ತರ್ಕದ ಪುಟ ಅಲ್ಲಿಗೆ ಕುಸಿಯಿತು. ಮೂಲದಲ್ಲಿ ಸ್ಪಷ್ಟವಾಗಿದ್ದ ಭೇದವನ್ನು ಇಂಗ್ಲಿಷಿನ 'ವಾಸ್' ಅಳಿಸಿಹಾಕಿತ್ತು. ವಿಷಾದದ ಸಂಗತಿಯೆಂದರೆ, ಆ ಭೇದ ಕನ್ನಡದಲ್ಲಿ ಇದೆ.

ಪೋರ್ಚುಗೀಸಿನಲ್ಲಿ 'ಇರು' ಎಂಬ ಅರ್ಥಕ್ಕೆ ಎರಡು ಧಾತುಗಳಿವೆ: 'ಸೇರ್' ಮತ್ತು 'ಎಸ್ತಾರ್'. (ಉಚ್ಚಾರದಲ್ಲಿ ಪದಾಂತ್ಯದ ಒಕಾರ ಉಕಾರಕ್ಕೆ ಹತ್ತಿರವಾಗುತ್ತದೆ, ಲಿಸ್ಬನ್ನಿನವರು 'ಎಸ್ತಾರ್' ಎಂಬುದನ್ನು ಬಹುಮಟ್ಟಿಗೆ 'ಶ್ತಾರ್' ಎನ್ನುತ್ತಾರೆ. ಇಲ್ಲಿ ನಾನು ಬರಹವನ್ನೇ ಹೆಚ್ಚಾಗಿ ಅನುಸರಿಸಿದ್ದೇನೆ.) 'ಎಸ್ತಾರ್' ಲ್ಯಾಟಿನ್ನಿನ ನಿಲ್ಲು ಎಂಬರ್ಥದ ಧಾತುವಿನಿಂದ ಬಂದದ್ದು. 'ಸೇರ್' ಎಂಬುದರಲ್ಲಿ ಲ್ಯಾಟಿನ್ನಿನ 'ಇರು' ಧಾತುವಿನ ಜೊತೆಗೆ 'ಕುಳಿತಿರು' ಎಂಬ ಧಾತುವಿನ ರೂಪಗಳೂ ಬೆರೆತಿವೆ. ಏಕವಚನದ ಪ್ರಥಮಪುರುಷದಲ್ಲಿ ವರ್ತಮಾನರೂಪಗಳು 'ಎ' ಮತ್ತು 'ಎಸ್ತಾ'; ಭೂತಕಾಲದ ವರ್ಣನೆಯಲ್ಲಿ 'ಎರಾ' ಮತ್ತು 'ಎಸ್ತಾವಾ'. ಚರಿತ್ರೆಯ ವಿದ್ಯಾರ್ಥಿ ಈ ನಾಲ್ಕನ್ನು ಕಂಠಪಾಠ ಮಾಡಿದರೆ ಅರ್ಧ ದಾರಿ ಸವೆದಂತೆ.

ಪಠ್ಯಪುಸ್ತಕಗಳು 'ಸೇರ್' ಶಾಶ್ವತ ಗುಣಕ್ಕೆ, 'ಎಸ್ತಾರ್' ತಾತ್ಕಾಲಿಕ ಸ್ಥಿತಿಗೆ ಎಂದು ಹೇಳುತ್ತವೆ. ಈ ಸೂತ್ರ ನನಗೆ ಎಂದೂ ತೃಪ್ತಿ ನೀಡಿಲ್ಲ. 'ಅವನು ಸತ್ತಿದ್ದಾನೆ' ಎಂಬುದಕ್ಕೆ ಪೋರ್ಚುಗೀಸಿನಲ್ಲಿ 'ಎಲೆ ಎಸ್ತಾ ಮೊರ್ತೊ' ಎನ್ನಬೇಕು. ಸಾವಿಗಿಂತ ಶಾಶ್ವತವಾದ ಸ್ಥಿತಿ ಯಾವುದು? ಹಾಗೆಯೇ ಗಂಟೆ ಎಷ್ಟೆಂದು ಹೇಳುವಾಗ 'ಸೇರ್' ಬಳಸುತ್ತಾರೆ. ಗಂಟೆಯೋ ಕ್ಷಣಕ್ಷಣಕ್ಕೂ ಸರಿಯುವಂಥದು. ಕನ್ನಡಿಗರಿಗೆ ಇದಕ್ಕಿಂತ ಹತ್ತಿರದ ದಾರಿಯೊಂದಿದೆ. ಅದು ನಮ್ಮ 'ಅಲ್ಲ' ಮತ್ತು 'ಇಲ್ಲ'ಗಳ ದಾರಿ.

'ಅವಳು ಒಳ್ಳೆಯವಳು', 'ಅವಳು ಧಾರವಾಡದವಳು', 'ಈ ಮೇಜು ಮರದ್ದು', 'ಅವನು ವೈದ್ಯ': ಈ ವಾಕ್ಯಗಳಲ್ಲಿ ಕ್ರಿಯಾಪದವೇ ಇಲ್ಲ. ಇವನ್ನು ನಿಷೇಧಿಸುವಾಗ 'ಅಲ್ಲ' ಬರುತ್ತದೆ: ಒಳ್ಳೆಯವಳಲ್ಲ, ಧಾರವಾಡದವಳಲ್ಲ, ಮರದ್ದಲ್ಲ, ವೈದ್ಯನಲ್ಲ. ಇವೆಲ್ಲಕ್ಕೂ ಪೋರ್ಚುಗೀಸಿನಲ್ಲಿ 'ಸೇರ್'. ಇನ್ನೊಂದೆಡೆ 'ಸಾರು ಬಿಸಿಯಾಗಿದೆ', 'ಬಾಗಿಲು ತೆರೆದಿದೆ', 'ಅವಳು ಮನೆಯಲ್ಲಿದ್ದಾಳೆ', 'ಅವನು ಸತ್ತಿದ್ದಾನೆ': ಇವುಗಳ ನಿಷೇಧದಲ್ಲಿ 'ಇಲ್ಲ' ಬರುತ್ತದೆ, ಪೋರ್ಚುಗೀಸಿನಲ್ಲಿ 'ಎಸ್ತಾರ್' ಬರುತ್ತದೆ. ಇಂಗ್ಲಿಷರು ವರ್ಷಗಟ್ಟಲೆ ತಡಕಾಡುವ ಈ ಭೇದ ನಮ್ಮ ಮನೆಯ ಮಕ್ಕಳ ಬಾಯಲ್ಲಿಯೂ ಇದೆ. ಇಂಗ್ಲಿಷಿನ ಮೂಲಕ ಪೋರ್ಚುಗೀಸನ್ನು ಕಲಿಯುವ ಕನ್ನಡಿಗ ತನ್ನ ಕೈಯಲ್ಲಿದ್ದ ದೀಪವನ್ನು ಆರಿಸಿ ನೆರೆಮನೆಯಲ್ಲಿ ಬೆಳಕು ಕೇಳಿದಂತಾಗುತ್ತದೆ.

ಆದರೆ ಈ ಹೋಲಿಕೆಯನ್ನು ಕಣ್ಣುಮುಚ್ಚಿ ನಂಬಬಾರದು. ನಾವು 'ಅವನು ಎತ್ತರವಾಗಿದ್ದಾನೆ' ಎನ್ನುತ್ತೇವೆ, ನಿಷೇಧ 'ಎತ್ತರವಾಗಿಲ್ಲ'. ಪೋರ್ಚುಗೀಸಿನಲ್ಲಿ ಮಾತ್ರ ಇದು 'ಎಲೆ ಎ ಆಲ್ತೊ', ಅಂದರೆ 'ಸೇರ್'. ಇಲ್ಲಿ ಎರಡನೆಯ ಪರೀಕ್ಷೆ ಬೇಕಾಗುತ್ತದೆ. 'ಎತ್ತರವಾಗಿಲ್ಲ' ಎಂಬುದನ್ನು 'ಎತ್ತರದವನಲ್ಲ' ಎಂದು ಬದಲಿಸಿದರೆ ಅರ್ಥ ಕೆಡುವುದಿಲ್ಲ; ಆದ್ದರಿಂದ 'ಸೇರ್'. 'ಸಾರು ಬಿಸಿಯಾಗಿಲ್ಲ' ಎಂಬುದನ್ನು 'ಅಲ್ಲ' ಸೇರಿಸಿ ಹೇಳಲು ಯತ್ನಿಸಿ: ಮಾತು ಕನ್ನಡವಾಗಿ ಉಳಿಯುವುದಿಲ್ಲ, ಆದ್ದರಿಂದ 'ಎಸ್ತಾರ್'. ಸ್ಥಳನಿರ್ದೇಶದಲ್ಲಿಯೂ ಒಂದು ತೊಡಕಿದೆ. ವ್ಯಕ್ತಿ ಎಲ್ಲಿದ್ದಾನೆ ಎಂಬುದಕ್ಕೆ 'ಎಸ್ತಾರ್' ಸರಿ; ಕದಲದ ಕಟ್ಟಡ, ಊರು ಎಲ್ಲಿವೆ ಎಂಬುದಕ್ಕೆ 'ಸೇರ್' ಅಥವಾ 'ಫಿಕಾರ್' ಎಂಬ ಇನ್ನೊಂದು ಧಾತು. ಇಲ್ಲಿ ನಮ್ಮ 'ಇಲ್ಲ' ನೆರವಾಗದು.

ಒಂದೇ ಗುಣವಾಚಕ ಎರಡೂ ಧಾತುಗಳೊಡನೆ ಬಂದಾಗ ಈ ಭೇದದ ಸೊಗಸು ತಿಳಿಯುತ್ತದೆ. 'ವೆರ್ದೆ' ಎಂದರೆ ಹಸಿರು. 'ಆ ಮಾಂಗಾ ಎ ವೆರ್ದೆ' ಎಂದರೆ ಆ ಮಾವಿನ ಬಣ್ಣವೇ ಹಸಿರು. ಹಣ್ಣಾದರೂ ಹಸಿರಾಗಿಯೇ ಉಳಿಯುವ ಜಾತಿ ಇರಬಹುದು. 'ಆ ಮಾಂಗಾ ಎಸ್ತಾ ವೆರ್ದೆ' ಎಂದರೆ ಅದಿನ್ನೂ ಕಾಯಿ. 'ಮಾಂಗಾ' ಎಂಬ ಮಾತನ್ನು ಪೋರ್ಚುಗೀಸರು ನಮ್ಮ ದ್ರಾವಿಡ ನುಡಿಗಳ ನೆರೆಯಿಂದಲೇ ಒಯ್ದರು. ತಮಿಳಿನ 'ಮಾಂಗಾಯ್' ಎಂಬಲ್ಲಿ 'ಕಾಯಿ' ಅಡಗಿಯೇ ಇದೆ. ಹಾಗಾಗಿ ಪೋರ್ಚುಗೀಸರು ಹಣ್ಣಾದ ಮಾವನ್ನೂ ಕಾಯಿಯ ಹೆಸರಿನಿಂದ ಕರೆಯುತ್ತಿದ್ದಾರೆ! ಇದೇ ಬಗೆಯಲ್ಲಿ 'ಎಲಾ ಎ ಬೊನೀತಾ' ಎಂದರೆ ಅವಳು ಚೆಲುವೆ. 'ಎಲಾ ಎಸ್ತಾ ಬೊನೀತಾ' ಎಂದರೆ ಇವತ್ತು ಚೆಲುವಾಗಿ ಕಾಣುತ್ತಿದ್ದಾಳೆ. 'ದೊಯೆಂತೆ' ಎಂಬುದು 'ಎ'ಯೊಡನೆ ರೋಗಿಷ್ಠ. 'ಎಸ್ತಾ'ದೊಡನೆ ಕಾಯಿಲೆ ಬಿದ್ದವನು. ನಾನು ಎಡವಿದ್ದು ಇಲ್ಲಿಯೇ.

ಇನ್ನು ಲಿಂಗದ ಮಾತು. ಕನ್ನಡದ ಲಿಂಗವಿವೇಕ ಅರ್ಥವನ್ನು ಅನುಸರಿಸುತ್ತದೆ, ವಸ್ತುಗಳೆಲ್ಲ ನಪುಂಸಕ. ಪೋರ್ಚುಗೀಸಿನಲ್ಲಿ ನಪುಂಸಕ ನಾಮಪದವೇ ಇಲ್ಲ. ಪ್ರತಿಯೊಂದು ವಸ್ತುವೂ ಪುಲ್ಲಿಂಗ ಇಲ್ಲವೆ ಸ್ತ್ರೀಲಿಂಗ. 'ಲೀವ್ರೊ', ಅಂದರೆ ಪುಸ್ತಕ, ಪುಲ್ಲಿಂಗ, 'ಮೇಜಾ' ಸ್ತ್ರೀಲಿಂಗ. ನಮ್ಮ 'ಮೇಜು' ಅಲ್ಲಿಂದಲೇ ಬಂದದ್ದು. ಕನ್ನಡಕ್ಕೆ ಬಂದೊಡನೆ ಅದು ತನ್ನ ಸ್ತ್ರೀತ್ವವನ್ನು ಕಳೆದುಕೊಂಡಿತು. ಕರಾವಳಿಯ 'ಇಗರ್ಜಿ', ಮುಂಬಯಿ ಕನ್ನಡಿಗರ 'ಚಾವಿ' ಇವೂ ಅಂಥವೇ. ಸಾಮಾನ್ಯವಾಗಿ ಒಕಾರಾಂತಗಳು ಪುಲ್ಲಿಂಗ, ಆಕಾರಾಂತಗಳು ಸ್ತ್ರೀಲಿಂಗ. ಆದರೂ ದಿನ ಎಂಬರ್ಥದ 'ದೀಯಾ' ಪುಲ್ಲಿಂಗ, ಕೈ ಎಂಬರ್ಥದ 'ಮಾಂವ್' ಸ್ತ್ರೀಲಿಂಗ. ಪತ್ನಿಯನ್ನು ಹೇಳುವ 'ದಾರಾ' ಶಬ್ದ ಪುಲ್ಲಿಂಗವೆಂದೂ 'ಕಳತ್ರ' ನಪುಂಸಕವೆಂದೂ ಕಲಿತ ಸಂಸ್ಕೃತದ ವಿದ್ಯಾರ್ಥಿಗೆ ಇದೇನೂ ವಿಚಿತ್ರವೆನಿಸದು.

ನಾಮಪದದ ಲಿಂಗವಚನಗಳನ್ನು ವಿಶೇಷಣವೂ ಹೊರಬೇಕು: ಆಲ್ತೊ, ಆಲ್ತಾ, ಆಲ್ತೊಸ್, ಆಲ್ತಾಸ್. ನಮ್ಮ ವ್ಯಾಕರಣಗಳು 'ವಿಶೇಷ್ಯಾಧೀನಲಿಂಗ' ಎಂಬ ಪರಿಭಾಷೆಯನ್ನು ಬಳಸುತ್ತವೆಯಾದರೂ 'ಒಳ್ಳೆಯ ಹುಡುಗ, ಒಳ್ಳೆಯ ಹುಡುಗಿ, ಒಳ್ಳೆಯ ಪುಸ್ತಕ' ಎಂಬಲ್ಲಿ ವಿಶೇಷಣದ ರೂಪ ಕದಲುವುದಿಲ್ಲ. ಆದರೆ ವಾಕ್ಯದ ತುದಿಗೆ ಬಂದರೆ ಅದೇ ಶಬ್ದ ಒಳ್ಳೆಯವನು, ಒಳ್ಳೆಯವಳು, ಒಳ್ಳೆಯದು ಎಂದು ರೂಪ ತಾಳುತ್ತದೆ. ಹಳಗನ್ನಡದ ಪಿರಿಯಂ, ಪಿರಿಯಳ್, ಪಿರಿದು ಇವೂ ಹಾಗೆಯೇ. ಪೋರ್ಚುಗೀಸ್ ಎರಡೂ ಸ್ಥಾನಗಳಲ್ಲಿ ಈ ಕೆಲಸ ಮಾಡುತ್ತದೆ. ಮುಂಬಯಿಯ ಕನ್ನಡಿಗರಿಗೆ ಇದು ಮರಾಠಿಯಿಂದ ಪರಿಚಿತ: ಚಾಂಗಲಾ ಮುಲಗಾ, ಚಾಂಗಲೀ ಮುಲಗೀ, ಚಾಂಗಲೇ ಪುಸ್ತಕ. ಇಲ್ಲಿಗೆ ಹೊಸದಾಗಿ ಬಂದ ಕನ್ನಡಿಗ ಎಲ್ಲಕ್ಕೂ ಒಂದೇ ರೂಪ ಹಚ್ಚಿ ಅಂಗಡಿಯವನ ನಗೆಗೆ ಗುರಿಯಾಗುವುದು ಈ ಕಾರಣದಿಂದಲೇ. ಎಕಾರಾಂತವಾದ 'ಗ್ರಾಂದೆ', 'ದೊಯೆಂತೆ' ಮುಂತಾದವು ಲಿಂಗಕ್ಕೆ ಮಣಿಯದೆ ವಚನಕ್ಕೆ ಮಾತ್ರ ಮಣಿಯುತ್ತವೆ. ಅಷ್ಟರ ಮಟ್ಟಿಗೆ ಅವು ನಮ್ಮ ಗೆಳೆಯರು.

ವಿಶೇಷಣದ ಸ್ಥಾನ ಸಾಮಾನ್ಯವಾಗಿ ನಾಮಪದದ ಅನಂತರ. ಮುಂದಕ್ಕೆ ತಂದರೆ ಅರ್ಥ ಬದಲಾಗುವ ಕೆಲವು ಶಬ್ದಗಳಿವೆ. 'ಓಮೆಂ ಗ್ರಾಂದೆ' ಎಂದರೆ ದೊಡ್ಡ ಮೈಯವನು. 'ಗ್ರಾಂದೆ ಓಮೆಂ' ಎಂದರೆ ಮಹಾಪುರುಷ. ನಾವು 'ದೊಡ್ಡ ಮನುಷ್ಯ' ಎನ್ನುವುದು ಎರಡನೆಯ ಅರ್ಥದಲ್ಲಿ, ಕೆಲವೊಮ್ಮೆ ವ್ಯಂಗ್ಯದಲ್ಲಿ. ಅನುವಾದಕ ಇಲ್ಲಿ ಎಚ್ಚರ ತಪ್ಪಿದರೆ ಸ್ಥೂಲಕಾಯನೊಬ್ಬ ಮಹಾತ್ಮನಾಗುತ್ತಾನೆ.

ವಯಸ್ಸು, ಹಸಿವು, ಕಣ್ಣುಗಳ ಬಣ್ಣ ಇವನ್ನು ಹೇಳಲು 'ತೇರ್', ಅಂದರೆ 'ಹೊಂದಿರು', ಎಂಬ ಧಾತು ಬರುತ್ತದೆ. 'ಎಲೆ ತೆಂ ಸಿಂಕ್ವೆಂತಾ ಆನೊಸ್' ಎಂಬುದು ಅಕ್ಷರಶಃ 'ಅವನು ಐವತ್ತು ವರ್ಷಗಳನ್ನು ಹೊಂದಿದ್ದಾನೆ'. ಇದನ್ನು ಹೀಗೆಯೇ ಕನ್ನಡಿಸುವವರೂ ಇದ್ದಾರೆ. ಚತುರ್ಥಿ ವಿಭಕ್ತಿ ಇರುವ ಭಾಷೆಯಲ್ಲಿ 'ಅವನಿಗೆ ಐವತ್ತು ವರ್ಷ' ಎಂದರೆ ಸಾಕು.

ಮೂಲಗಳತ್ತ ಹೊರಡುವವರಿಗೆ ಎರಡು ಎಚ್ಚರಿಕೆಗಳನ್ನು ಹೇಳಬೇಕು. ಮೊದಲನೆಯದು, ಹಳೆಯ ಪೋರ್ಚುಗೀಸ್ ಪುಸ್ತಕಗಳಲ್ಲಿ 'ಕನಾರಿಂ' ಎಂಬ ಹೆಸರನ್ನು ಕಂಡೊಡನೆ ಅದನ್ನು ಕನ್ನಡವೆಂದು ಹಿಗ್ಗಬಾರದು. ಥಾಮಸ್ ಸ್ಟೀಫನ್ಸ್ ಬರೆದು, ಅವನು ತೀರಿಕೊಂಡ ಮೇಲೆ 1640ರಲ್ಲಿ ರಾಯ್ತೂರಿನಲ್ಲಿ ಅಚ್ಚಾದ 'ಆರ್ತೆ ದ ಲಿಂಗೋವಾ ಕನಾರಿಂ' ಕೊಂಕಣಿಯ ವ್ಯಾಕರಣ. ಎರಡನೆಯದು, ಪಾಯೆಸ್‌ನ ಕಾಲದಲ್ಲಿ 'ಸೇರ್', 'ಎಸ್ತಾರ್'ಗಳ ಗಡಿ ಇಂದಿನಷ್ಟು ಖಚಿತವಾಗಿರಲಿಲ್ಲ. ಹಿಂದೆ ಸ್ಥಿತಿಗೂ ಸ್ಥಳಕ್ಕೂ 'ಸೇರ್' ಸಲ್ಲುತ್ತಿತ್ತು. 'ಎಸ್ತಾರ್' ಅದರ ನೆಲವನ್ನು ಮೆಲ್ಲಮೆಲ್ಲನೆ ಆಕ್ರಮಿಸಿತು. ಆದ್ದರಿಂದ ಹದಿನಾರನೆಯ ಶತಮಾನದ ಬರಹದಲ್ಲಿ 'ಎಸ್ತಾವಾ' ಕಂಡರೆ ಅದು ಆ ಹೊತ್ತಿನ ಸ್ಥಿತಿ ಎಂದು ಬಹುಮಟ್ಟಿಗೆ ಧೈರ್ಯವಾಗಿ ಹೇಳಬಹುದು. 'ಎರಾ' ಕಂಡಾಗ ಮಾತ್ರ ಹಿಂದುಮುಂದಿನ ವಾಕ್ಯಗಳನ್ನು ಓದದೆ ತೀರ್ಮಾನಕ್ಕೆ ಬರಲಾಗದು.