ತಪ್ಪು ಲೇಖನವನ್ನು ಅಳಿಸಿಬಿಡಬಾರದೇ?

ಪ್ರಶ್ನೆ: ವಿಜ್ಞಾನ ಪತ್ರಿಕೆಗಳು ಹಿಂಪಡೆದ ಸಂಶೋಧನಾ ಲೇಖನಗಳು ಆಮೇಲೂ ಓದಲು ಸಿಗುತ್ತವಲ್ಲ, ಏಕೆ?

ಉತ್ತರ: ಅಳಿಸಿದರೆ ತಪ್ಪಿನ ಜೊತೆ ಅದರ ಸುಳಿವೂ ಹೋಗುತ್ತದೆ. ಅದನ್ನು ನೆಚ್ಚಿ ಬೇರೆಯವರು ಬರೆದದ್ದು ಮಾತ್ರ ಉಳಿದಿರುತ್ತದೆ! ಅದಕ್ಕೇ ಮೂಲವನ್ನು ಹಾಗೇ ಇಟ್ಟು, ‘ಹಿಂಪಡೆಯಲಾಗಿದೆ’ ಎಂದು ಮುದ್ರೆಯೊತ್ತಿ, ಕಾರಣ ತಿಳಿಸುವ ಪ್ರಕಟಣೆ ಹಾಕಬೇಕೆಂಬ ನಿಯಮ.

ಉದಾಹರಣೆಗೆ, ದಡಾರ, ಮಂಗನಬಾವು, ರುಬೆಲ್ಲಾ ತಡೆಯುವ ಎಂಎಂಆರ್ ಲಸಿಕೆಗೂ ಆಟಿಸಂಗೂ ನಂಟು ಸೂಚಿಸಿದ ಆಂಡ್ರೂ ವೇಕ್‌ಫೀಲ್ಡ್ ತಂಡದ ಲೇಖನ ಬ್ರಿಟನ್ನಿನ ‘ದಿ ಲ್ಯಾನ್ಸೆಟ್’ನಲ್ಲಿ ಬಂದದ್ದು 1998ರಲ್ಲಿ, ಅದೂ ಬರೀ 12 ಮಕ್ಕಳನ್ನು ನೋಡಿ. 2004ರಲ್ಲಿ 10 ಸಹಲೇಖಕರು ಆ ವ್ಯಾಖ್ಯಾನದಿಂದ ಹಿಂದೆ ಸರಿದರು. ಪತ್ರಿಕೆ ಪೂರ್ತಿ ಹಿಂಪಡೆದದ್ದು 2010ರಲ್ಲಿ. ಮಕ್ಕಳನ್ನು ಆಯ್ದ ಬಗೆ, ನೈತಿಕ ಸಮಿತಿಯ ಒಪ್ಪಿಗೆ, ಇವೆರಡರ ಬಗ್ಗೆ ಹೇಳಿದ್ದು ಸುಳ್ಳೆಂದು ಪ್ರಕಟಣೆ ನೇರವಾಗಿ ತಿಳಿಸಿತು. ಅಷ್ಟು ತಡವೇಕೆ ಎಂದರೆ ನನ್ನಲ್ಲಿ ಸಮರ್ಥನೆಯಿಲ್ಲ. ಅದೇ ಪತ್ರಿಕೆ 2020ರ ಮೇ 22ರಂದು ಪ್ರಕಟಿಸಿದ, ಕೋವಿಡ್‌ಗೆ ಹೈಡ್ರಾಕ್ಸಿಕ್ಲೋರೋಕ್ವಿನ್ ಔಷಧದ ಬಳಕೆ ಕುರಿತ ಲೇಖನ ಜೂನ್ 4ಕ್ಕೇ ವಾಪಸಾಯಿತು. ಅದಕ್ಕೆ ದತ್ತಾಂಶ ಒದಗಿಸಿದ್ದ ಸರ್ಜಿಸ್ಫಿಯರ್ ಕಂಪನಿ ಪರಿಶೀಲನೆಗೆ ಅದನ್ನು ಪೂರ್ಣವಾಗಿ ಕೊಡಲಿಲ್ಲವೆಂದು ಮೂವರು ಲೇಖಕರೇ ಬರೆದುಕೊಟ್ಟರು.

ಎಲ್ಲ ಕಡೆ ಇಷ್ಟು ಬಿಚ್ಚುಮಾತಿಲ್ಲ. ‘ಲೇಖಕರ ಕೋರಿಕೆಯಂತೆ ಹಿಂಪಡೆದಿದೆ’ ಎಂದಷ್ಟೇ ಬರೆದು ಕೈತೊಳೆದುಕೊಳ್ಳುವ ಪತ್ರಿಕೆಗಳಿವೆ. ಲೆಕ್ಕ ತಪ್ಪಿದವನಿಗೂ ಅಂಕಿ ಕಟ್ಟಿದವನಿಗೂ ಆಗ ಒಂದೇ ಹಣೆಪಟ್ಟಿ. ಇಂಥ ಕಾರಣಗಳನ್ನು 2010ರಿಂದ ಕೆದಕುತ್ತಿರುವ ‘ರಿಟ್ರಾಕ್ಷನ್ ವಾಚ್’ ಬಳಗದ ದತ್ತಸಂಚಯವನ್ನು ಈಗ ಯಾರು ಬೇಕಾದರೂ ಉಚಿತವಾಗಿ ತೆರೆದು ನೋಡಬಹುದು.