ಲವಂಗದೆಣ್ಣೆಯೂ ಹಲ್ಲಿನ ‘ಹುಳ’ವೂ

ನಡುರಾತ್ರಿ ದವಡೆ ಹಲ್ಲು ಸಿಡಿಯತೊಡಗಿದರೆ ಮನೆಯ ಹಿರಿಯರು ಮೊದಲು ಹುಡುಕುವುದು ಲವಂಗದೆಣ್ಣೆಯ ಸೀಸೆಯನ್ನು. ಹತ್ತಿಗೆ ಒಂದು ಹನಿ ಹಾಕಿ ಹಲ್ಲಿನ ತೂತಿಗೆ ಒತ್ತಿದರೆ ಸ್ವಲ್ಪ ಹೊತ್ತಿನಲ್ಲಿ ನೋವು ಇಳಿಯುತ್ತದೆ. ‘ಹುಳ ಸತ್ತಿತು’ ಎಂದು ಎಲ್ಲರೂ ಮಲಗುತ್ತಾರೆ.

ಹುಳುಕು ಹಲ್ಲಿನಲ್ಲಿ ಹುಳ ಇರುವುದೇ ಇಲ್ಲ. ಇರುವುದು ಬ್ಯಾಕ್ಟೀರಿಯಾ. ನಾವು ತಿಂದ ಸಕ್ಕರೆಯನ್ನು ಆಮ್ಲವಾಗಿಸಿ ಅವು ಹಲ್ಲನ್ನು ಕರಗಿಸುತ್ತವೆ. ಅವು ಹಲ್ಲಿನ ತಿರುಳು ದಾಟಿ ಬೇರಿನ ತುದಿಗೆ ಇಳಿದ ಮೇಲೆ, ಮೇಲಿನಿಂದ ಬಿಟ್ಟ ಹನಿ ಅಲ್ಲಿಗೆ ತಲುಪುವುದಿಲ್ಲ. ಹಾಗಿದ್ದೂ ನೋವು ಏಕೆ ಇಳಿಯಿತು? ಲವಂಗದೆಣ್ಣೆಯ ಬಹುಪಾಲು ಯೂಜೆನಾಲ್. ಅದು ನರವನ್ನು ಮರಗಟ್ಟಿಸುತ್ತದೆ. ದಂತವೈದ್ಯರೂ ಯೂಜೆನಾಲನ್ನು ಜಿಂಕ್ ಆಕ್ಸೈಡ್ ಪುಡಿಯೊಂದಿಗೆ ಕಲಸಿ ತಾತ್ಕಾಲಿಕವಾಗಿ ಹಲ್ಲು ತುಂಬುತ್ತಾರೆ, ಆದರೆ ಹುಳುಕನ್ನು ಕೆರೆದು ತೆಗೆದ ಮೇಲೆ. ಮನೆಮದ್ದಿನಲ್ಲಿ ಆ ಕೆರೆಯುವ ಕೆಲಸವೇ ಇಲ್ಲ. ನೋವು ಸುಮ್ಮನಾದ ದಿನಗಳಲ್ಲಿ ಒಳಗೆ ಕೀವು ಕಟ್ಟುತ್ತಿರಬಹುದು, ನನ್ನ ಆತಂಕವೆಲ್ಲ ಅದರದೇ.

ಹಾಗೆಂದು ‘ಎಣ್ಣೆ ಬ್ಯಾಕ್ಟೀರಿಯಾ ಕೊಲ್ಲುತ್ತದೆ’ ಎಂಬ ಮಾತು ಪೂರ್ತಿ ಸುಳ್ಳಲ್ಲ. ಯೂಜೆನಾಲ್ ಆಗಲಿ, ಓಮದ ಕಾಳಿನ ಥೈಮಾಲ್ ಆಗಲಿ ಬ್ಯಾಕ್ಟೀರಿಯಾದ ಪೊರೆಯೊಳಗೆ ಸೇರಿಕೊಂಡು ಅದನ್ನು ಸೋರುವಂತೆ ಮಾಡುತ್ತವೆ. ಬಾಯಿ ಮುಕ್ಕಳಿಸುವ ಕೆಲವು ದ್ರಾವಣಗಳಲ್ಲಿ ಥೈಮಾಲ್ ಇರುವುದು ಇದಕ್ಕಾಗಿಯೇ. ಆದರೆ ಪ್ರಯೋಗಾಲಯದ ತಟ್ಟೆ ಬೇರೆ, ಮೈ ಬೇರೆ. ಆಂಟಿಬಯಾಟಿಕ್ ಎಷ್ಟೋ ಸಲ ಮಿಲಿಲೀಟರಿಗೆ ಕೆಲವೇ ಮೈಕ್ರೋಗ್ರಾಂ ಇದ್ದರೂ ಸಾಕು. ಈ ಎಣ್ಣೆಗಳು ಸಾಮಾನ್ಯವಾಗಿ ಅದರ ನೂರಾರು ಪಟ್ಟು ಬೇಕು. ನುಂಗಿದ ಎಣ್ಣೆಯನ್ನು ಯಕೃತ್ತು ಬೇಗ ಮಾರ್ಪಡಿಸಿ ಮೂತ್ರದಲ್ಲಿ ಸಾಗಿಸಿಬಿಡುವುದರಿಂದ ರಕ್ತದಲ್ಲಿ ಅಷ್ಟು ಪ್ರಮಾಣ ನಿಲ್ಲುವುದಿಲ್ಲ. ಸೂಡೊಮೊನಾಸ್‌ನಂಥ ಬ್ಯಾಕ್ಟೀರಿಯಾವಂತೂ ತಟ್ಟೆಯಲ್ಲೇ ಸುಲಭಕ್ಕೆ ಬಗ್ಗದು: ಅದಕ್ಕೆ ಇನ್ನೊಂದು ಹೊರಪೊರೆ ಇದೆ, ಒಳಬಂದದ್ದನ್ನು ಹೊರದೂಡುವ ಪಂಪುಗಳೂ ಇವೆ.

‘ಗಿಡದ್ದು, ಹೆಚ್ಚಾದರೂ ಏನಾಗದು’ ಎಂಬ ನಂಬಿಕೆ ಇವೆಲ್ಲಕ್ಕಿಂತ ಅಪಾಯಕಾರಿ. ಸಾರಿನ ಲವಂಗ ಬೇರೆ, ಸೀಸೆಯ ಎಣ್ಣೆ ಬೇರೆ. ಪುಟ್ಟ ಮಕ್ಕಳು 5–10 ಮಿಲಿಲೀಟರ್ ಲವಂಗದೆಣ್ಣೆ ಕುಡಿದು ಪ್ರಜ್ಞೆ ತಪ್ಪಿದ, ಯಕೃತ್ತು ಕೆಟ್ಟ ಪ್ರಕರಣಗಳು ವೈದ್ಯಕೀಯ ದಾಖಲೆಗಳಲ್ಲಿವೆ. ನೀಲಗಿರಿ ಎಣ್ಣೆ, ಕರ್ಪೂರ ಹೊಟ್ಟೆಗೆ ಹೋದರೆ ಫಿಟ್ಸ್ ಬರಬಹುದು. ದೊಡ್ಡವರಿಗೂ ಲವಂಗದೆಣ್ಣೆ ಪದೇ ಪದೇ ತಾಗಿದರೆ ಒಸಡು ಸುಡುತ್ತದೆ.

ರಾತ್ರಿ ಕಳೆಯಲು ಒಂದು ಲವಂಗ ಕಚ್ಚಿಕೊಳ್ಳಿ. ಬೆಳಿಗ್ಗೆ, ನೋವು ಇಲ್ಲದಿದ್ದರೂ, ದಂತವೈದ್ಯರಿಗೆ ತೋರಿಸಿ. ಕೆನ್ನೆ ಊದಿ ಜ್ವರವೂ ಬಂದಿದ್ದರೆ, ಬಾಯಿ ತೆರೆಯಲು, ನುಂಗಲು ಕಷ್ಟವಾದರೆ, ಬೆಳಗಾಗುವವರೆಗೂ ಕಾಯಬೇಡಿ.