ನಿಮಗಿದು ಗೊತ್ತೆ? ಹತ್ತು ಗಂಟೆಗೆ ಮರೆಯಾಗುವ ಕಣಿವೆ

ಶ್ರೀಲಂಕಾದ ಹಾರ್ಟನ್ ಪ್ಲೇನ್ಸ್ ರಾಷ್ಟ್ರೀಯ ಉದ್ಯಾನ ನೋಡಬೇಕೆಂದರೆ ನುವಾರ ಎಲಿಯಾದಿಂದ ನಸುಕಿನಲ್ಲೇ ಹೊರಡಿ. ಅಲ್ಲಿನ ‘ವರ್ಲ್ಡ್ಸ್ ಎಂಡ್’ ಅಂಚಿನಿಂದ ಬೆಟ್ಟ ಸುಮಾರು 870 ಮೀಟರ್ ಕಡಿದಾಗಿ ಇಳಿಯುತ್ತದೆ. ಹತ್ತು ಗಂಟೆಯ ಸುಮಾರಿಗೆ ಮಂಜು ಮೇಲೇರಿತೆಂದರೆ ಕಣಿವೆ ಕಾಣುವುದೇ ಇಲ್ಲ.

ಪ್ರವೇಶದ್ವಾರದಲ್ಲಿ ಚೀಲ ತೆರೆಸಿ ನೋಡುತ್ತಾರೆ. ಬಿಸ್ಕತ್ತಿನ ಪ್ಲಾಸ್ಟಿಕ್ ಹೊದಿಕೆ, ನೀರಿನ ಬಾಟಲಿಯ ಲೇಬಲ್ಲನ್ನೂ ಬಿಡುವುದಿಲ್ಲ. ಒಳಗೆ ದಾರಿ ಬದಿಯಲ್ಲೇ ಮೇಯುವ ಕಡವೆಗಳ ಹೊಟ್ಟೆಗೆ ಅದು ಸೇರಬಾರದಲ್ಲ! ಇಂಥ ಕಟ್ಟುನಿಟ್ಟು ನಮ್ಮ ಚಾರಣದ ತಾಣಗಳಿಗೂ ಬೇಕು.

2,000 ಮೀಟರಿಗೂ ಎತ್ತರದ ಹುಲ್ಲುಗಾವಲು, ನಡುನಡುವೆ ಕುಳ್ಳ ಮರಗಳ ಕಾಡು: ಕುದುರೆಮುಖ ಕಂಡವರಿಗೆ ಇದು ಪರಿಚಿತ ನೋಟ. ಪಶ್ಚಿಮಘಟ್ಟ ಮತ್ತು ಶ್ರೀಲಂಕಾವನ್ನು ವಿಜ್ಞಾನಿಗಳು ಒಂದೇ ಜೀವವೈವಿಧ್ಯ ತಾಣವೆಂದು ಗುರುತಿಸಿದ್ದಾರೆ. 2010ರಲ್ಲಿ ಈ ಉದ್ಯಾನ ವಿಶ್ವ ಪರಂಪರೆಯ ಪಟ್ಟಿಗೂ ಸೇರಿತು.